ಹನ್ನೊಂದು ಮಂದಿ, ಹನ್ನೊಂದು ಜಾಕೆಟ್: ಮಳಖೇಡದ ಭಿಶಿಯವರು ನೇತ್ರಾಣಿಗೆ ಹೋಗಿಬಂದ ಕತೆ

ಮಳಖೇಡ: ನಮ್ಮ ಬಸ್ ನಿಲ್ದಾಣದ ಅಂಗಡಿ ಸಾಲಿನವರದ್ದೊಂದು ಭಿಶಿ ಇದೆ. ತಿಂಗಳಿಗೊಮ್ಮೆ ದುಡ್ಡು ಕಟ್ಟುವುದು, ಚೀಟಿ ಎತ್ತುವುದು, ವರ್ಷದ ಕೊನೆಗೆ ಉಳಿದ ಗಂಟಿನಲ್ಲಿ ಯಾವುದಾದರೊಂದು ದೇವರಿಗೆ ಹೋಗಿಬರುವುದು. ತುಳಜಾಪುರ ಆಯಿತು, ಪಂಢರಪುರ ಆಯಿತು, ಶ್ರೀಶೈಲ ಎರಡು ಸಲ ಆಯಿತು. ಈ ಸಲ ತೊಗರಿ ರಾಶಿ ಮುಗಿದ ಮೇಲೆ ಎಲ್ಲಿಗೆ ಎಂಬ ಮಾತು ಬಂದಾಗ ಪಂಕ್ಚರ್ ಅಂಗಡಿಯ ಹುಡುಗ ಬಾಯಿ ತೆಗೆದ.

"ದೇವ್ರೂ ಆಗ್ತದ, ಸಮುದ್ರನೂ ಆಗ್ತದ. ಮುರುಡೇಶ್ವರಕ್ಕ ಹೋಗಾಮು ನಡೀರಿ. ಅಲ್ಲಿಂದ ಸ್ಪೀಡ್ ಬೋಟಿನ್ಯಾಗ ನೇತ್ರಾಣಿ ನಡುಗಡ್ಡಿ. ನೀರಾಗ ಮುಖ ಹಾಕಿ ಮೀನ ನೋಡ್ಕೋತ ತೇಲೂದು. ಸ್ನಾರ್ಕೆಲಿಂಗ್ ಅಂತಾರ."

ಹುಡುಗನಿಗೆ ಈ ಹುಚ್ಚು ಹತ್ತಿದ್ದು ಪುನೀತ್ ರಾಜಕುಮಾರರಿಂದ. ಅವರು ತೀರಿಕೊಂಡ ಒಂದು ವರ್ಷಕ್ಕೆ, 2022ರ ಅಕ್ಟೋಬರಿನಲ್ಲಿ ಬಿಡುಗಡೆಯಾದ 'ಗಂಧದ ಗುಡಿ'ಯಲ್ಲಿ ಅವರು ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿ ಬಂದವನು ಅಂದಿನಿಂದ ಅದನ್ನೇ ಜಪಿಸುತ್ತಿದ್ದ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪದಲ್ಲಿ ಮುಳುಗು ಕನ್ನಡಕ ಹಾಕಿಕೊಂಡ ಚಿತ್ರ ಎಲ್ಲರ ಮೊಬೈಲಿಗೂ ಬಂತು; ಆಗ ಬಟ್ಟೆ ಅಂಗಡಿ ಮಾಲಕರಿಗೂ ಆಸೆ ಹುಟ್ಟಿತು. ಆದರೆ ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಕೊಚ್ಚಿಗೆ ಹೋಗಬೇಕು. ನೇತ್ರಾಣಿಯಾದರೆ ನಮ್ಮದೇ ರಾಜ್ಯ. ಭಟ್ಕಳ ತಾಲೂಕು, ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರು ಕಡಲೊಳಗೆ.

ಮಳಖೇಡದವರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಒಂದಾನೊಂದು ಕಾಲಕ್ಕೆ ಬಹಳ ಇತ್ತು. ನಮ್ಮ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ ಕಡಲು ದಾಟಿ ಬರುತ್ತಿದ್ದ ಅರಬ್ ವರ್ತಕರು ಇಲ್ಲಿಯ ಅರಸನನ್ನು 'ಬಲ್ಹರಾ' ಎಂದು ಕರೆದು, ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದರು. ಕ್ರಿ.ಶ. 851ರ ಸುಲೈಮಾನನೆಂಬ ವರ್ತಕನ ಹೆಸರಿನ ಬರಹದಲ್ಲಿ ಇದಿದೆ. ಅದೆಲ್ಲ ಹಳೇ ಮಾತು. ಈಗ ನಮಗೆ ಗೊತ್ತಿರುವ ನೀರೆಂದರೆ ಕಾಗಿಣಾ. ಬೇಸಿಗೆಯಲ್ಲಿ ಮೊಳಕಾಲು ಮುಳುಗದು. 2020ರ ಅಕ್ಟೋಬರಿನಂತೆ ಉಕ್ಕಿದರೆ ಮಠದೊಳಕ್ಕೇ ನುಗ್ಗುವುದು. ಅದು ಬಿಟ್ಟರೆ ಫರ್ಶಿ ಖಣಿಯ ನೀರು.

ಕಾಕಾ ಒಲ್ಲೆ ಎಂದದ್ದು

ಭಿಶಿಯ ಹಿರಿಯರು ಕಿರಾಣಿ ಅಂಗಡಿಯ ಕಾಕಾ. ವಯಸ್ಸು ಅರವತ್ತೊಂದು. ಲೆಕ್ಕದ ವಹಿ ಅವರ ಕೈಯಲ್ಲೇ. ಅವರು ಒಂದೇ ಮಾತು ಹೇಳಿದರು: "ನಾ ಒಲ್ಲೆಪಾ. ನೀರಿನ ಸುದ್ದಿ ನನ್ನ ಮುಂದ ತೆಗಿಬ್ಯಾಡ್ರಿ."

ಕಾರಣ ಸಾಲಿನ ಹಳಬರಿಗೆಲ್ಲ ಗೊತ್ತು. ಐವತ್ತು ವರ್ಷದ ಕೆಳಗೆ ಅವರ ತಮ್ಮ, ಹನ್ನೊಂದು ವರ್ಷದ ಹುಡುಗ, ಬಿಟ್ಟ ಖಣಿಯೊಂದರಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ. ನಮ್ಮ ಕಡೆಯ ಖಣಿಗಳ ಸಂಗತಿ ಸೇಡಂ, ಶಹಾಬಾದ, ವಾಡಿ, ಚಿತ್ತಾಪುರದವರಿಗೆ ಹೇಳಬೇಕಾಗಿಲ್ಲ. ಕೆರೆ ಬಾವಿಯಾದರೆ ಇಳಿಜಾರಿದೆ, ಮೆಟ್ಟಿಲಿದೆ. ಖಣಿಯಲ್ಲಿ ಫರ್ಶಿಯನ್ನು ಪದರ ಪದರವಾಗಿ ಎಬ್ಬಿಸಿ ತೆಗೆದಿರುವುದರಿಂದ ಅಂಚು ಗೋಡೆಯಂತೆ ನೆಟ್ಟಗೆ. ಮಳೆನೀರು ತುಂಬಿದ ಮೇಲೆ ಆಳ ತಿಳಿಯದು. ಒಳಗೆ ಬಿದ್ದವನಿಗೆ ಕೈ ಹಚ್ಚಲು ಜಾಗವಿಲ್ಲ, ಕಾಲಿಡಲು ನೆಲವಿಲ್ಲ.

ಕಾಕಾ ಕೊನೆಗೆ ಬಂದರು. ವಹಿ ಹಿಡಿದವರು ಬಾರದಿದ್ದರೆ ದುಡ್ಡು ಬಿಡುವವರು ಯಾರು? "ದಂಡಿ ಮ್ಯಾಲ ಕೂಡ್ತೀನಿ, ನೀವು ಹೋಗಿಬರ್ರಿ" ಎಂಬ ಕರಾರಿನ ಮೇಲೆ. ಈ ವರದಿಗಾರನನ್ನೂ ಸೇರಿಸಿ ಹನ್ನೊಂದು ಮಂದಿ, ಒಂದು ಬಾಡಿಗೆ ಟೆಂಪೊ. ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಕಲಬುರಗಿ, ವಿಜಯಪುರ, ಹುಬ್ಬಳ್ಳಿ ದಾಟಿ, ಯಲ್ಲಾಪುರದಾಚೆ ಅರಬೈಲು ಘಟ್ಟ ಇಳಿದು, ಅಂಕೋಲಾ ಕುಮಟಾ ಹೊನ್ನಾವರದ ಮೇಲಿಂದ ಮುರುಡೇಶ್ವರ ಮುಟ್ಟಲು ಹದಿಮೂರು ತಾಸು ಹಿಡಿಯಿತು. ಮೈಯೆಲ್ಲ ಹಣ್ಣಾಯಿತು. 123 ಅಡಿಯ ಶಿವನ ಮೂರ್ತಿಯನ್ನು ರಾತ್ರಿ ದೀಪದಲ್ಲಿ ನೋಡಿ ಕೈಮುಗಿದು ಲಾಡ್ಜಿನಲ್ಲಿ ಒರಗಿದೆವು.

ಎಂಟೇ ಜಾಕೆಟ್

ಬೆಳಗ್ಗೆ ದಂಡೆಯ ಮೇಲೆ ಮೊದಲು ಸಿಕ್ಕ ದೋಣಿಯವನ ದರ ಅಗ್ಗ. ಪಂಕ್ಚರ್ ಹುಡುಗ ಆಗಲೇ ಚಪ್ಪಲಿ ಬಿಚ್ಚಿದ್ದ. ಕಾಕಾ ಮಾತ್ರ ದೋಣಿಯೊಳಕ್ಕೆ ಬಗ್ಗಿ, ತೊಗರಿ ಚೀಲ ಎಣಿಸುವಂತೆ ಬೆರಳು ಮಾಡಿ ಎಣಿಸಿದರು. "ಎಂಟ ಅವ. ನಾವು ಹನ್ನೊಂದು ಮಂದಿ."

"ಎಲ್ರಿಗೂ ಒಂದೇ ಸಲ ಬೇಕಾಗೂದಿಲ್ಲ ಯಜಮಾನ್ರೆ" ಎಂದ ಅವನು.

"ಮುಳುಗೂದು ಒಂದೇ ಸಲ ಮುಳುಗ್ತೀವಲ್ಲಪಾ!"

ನಮ್ಮಲ್ಲೇ ಕೆಲವರಿಗೆ ಕಾಕಾನ ಮೇಲೆ ಸಿಟ್ಟು ಬಂತು. ತಲೆಗಿಷ್ಟು ಉಳಿಯುತ್ತಿತ್ತಲ್ಲ ಎಂದು. ಆಗ ಅವರು ಕಾರವಾರದ ಸುದ್ದಿ ತೆಗೆದರು. ಅದು ಪತ್ರಿಕೆಯಲ್ಲಿ ಬಂದದ್ದೇ. ನಾವು ಮರೆತಿದ್ದೆವು, ಅವರು ಮರೆತಿರಲಿಲ್ಲ. 2019ರ ಜನವರಿ 21. ಕೂರ್ಮಗಡ ನಡುಗಡ್ಡೆಯ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ದಂಡೆ ಹತ್ತಿರವಿರುವಾಗಲೇ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಅನೇಕರು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನವರು. ನಮ್ಮ ಹಾಗೇ ಒಣಭೂಮಿಯ ಮಂದಿ, ನಮ್ಮ ಹಾಗೇ ಗುಂಪು ಕಟ್ಟಿಕೊಂಡು ಬಂದವರು. ಇದೇ ಮುರುಡೇಶ್ವರದ ದಂಡೆಯಲ್ಲಿ 2024ರ ಡಿಸೆಂಬರ್ 10ರಂದು ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಅಲೆಗೆ ಸಿಕ್ಕು ತೀರಿಕೊಂಡರು. ಆ ಮೇಲೆ ಕೆಲವು ದಿನ ಬೀಚನ್ನೇ ಮುಚ್ಚಿದ್ದರು. ಅದಾಗಿ ಎಂಟನೇ ದಿನ ಮುಂಬೈಯಲ್ಲಿ ಎಲಿಫೆಂಟಾಕ್ಕೆ ಹೊರಟಿದ್ದ ಯಾತ್ರಿಕರ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟು ಬಂದು ಗುದ್ದಿತು.

ಯಾರೂ ತಿರುಗಿ ಮಾತಾಡಲಿಲ್ಲ. ಎರಡನೇ ದೋಣಿಯವರು ದರ ಹೆಚ್ಚು ಹೇಳಿದರು. ಆದರೆ ಹತ್ತುವ ಮುಂಚೆಯೇ ಪ್ರತಿಯೊಬ್ಬರ ಹೆಸರು ಬರೆದುಕೊಂಡು ಸಹಿ ಹಾಕಿಸಿದರು. ಹೃದಯದ ತೊಂದರೆ, ದಮ್ಮು, ಬಿಪಿ, ಕಿವಿ ಸೋರುವುದು ಇದೆಯೇ, ರಾತ್ರಿ ಕುಡಿದಿದ್ದೀರಾ ಎಂದು ಕೇಳಿದರು. (ಕೊನೆಯ ಪ್ರಶ್ನೆಗೆ ಗೊಬ್ಬರದ ಅಂಗಡಿಯವರು ಸಮುದ್ರದ ಕಡೆ ನೋಡಿದರು. ಅವರನ್ನು ನೀರಿಗಿಳಿಸಲಿಲ್ಲ, ದೋಣಿಯಲ್ಲೇ ಕೂರಿಸಿದರು.) ಜಾಕೆಟ್ಟಿನ ಪಟ್ಟಿಗಳನ್ನು ದೋಣಿಯ ಹುಡುಗನೇ ಒಬ್ಬೊಬ್ಬರಿಗೂ ಬಿಗಿದು, ಭುಜ ಹಿಡಿದು ಮೇಲಕ್ಕೆ ಜಗ್ಗಿ ನೋಡಿದ. ಸಡಿಲವಿದ್ದರೆ ನೀರಿನಲ್ಲಿ ಜಾಕೆಟ್ ಮೇಲೆ ಬರುತ್ತದೆ, ಮನುಷ್ಯ ಕೆಳಗೇ ಇರುತ್ತಾನಂತೆ.

ದಂಡೆಯ ಮೇಲೆ ಕೂಡುತ್ತೇನೆಂದಿದ್ದ ಕಾಕಾ ಹನ್ನೊಂದನೇ ಜಾಕೆಟ್ಟನ್ನು ಕೈಯಲ್ಲಿ ತಿರುವಿ ತಿರುವಿ ನೋಡಿದರು. ಆಮೇಲೆ ಧೋತರದ ಕಚ್ಚೆ ಬಿಗಿದು ತಾವೇ ಹಾಕಿಕೊಂಡರು.

ಒಂದು ತಾಸಿನ ಕುಲುಕಾಟ

ಸ್ಪೀಡ್ ಬೋಟೆಂದರೆ ಸಿನಿಮಾದಲ್ಲಿ ಕಾಣುವಷ್ಟು ಸುಖದ್ದಲ್ಲ. ಹೊಸದಾಗಿ ಖಡಿ ಹಾಕಿದ ರಸ್ತೆಯ ಮೇಲೆ ಖಾಲಿ ಲಾರಿ ಓಡಿದಂತೆ. ಮೂತಿಯ ಕಡೆ ಕೂತವರಿಗೆ ಹೊಡೆತ ಹೆಚ್ಚು, ಹಿಂದೆ ಕೂತವರಿಗೆ ಕಡಿಮೆ. ಹೊಟ್ಟೆ ತೊಳಸುವವರು ಮೊಬೈಲು ನೋಡಬಾರದು. ದೂರದ ನೀರಿನ ಗೆರೆಯನ್ನೇ ನೋಡಬೇಕು. ಬೆಳಗ್ಗೆ ಖಾರದ ಹಿಂಡಿ ಹಚ್ಚಿ ನಾಲ್ಕು ರೊಟ್ಟಿ ಹೊಡೆದಿದ್ದ ಇಬ್ಬರು ಅದನ್ನೆಲ್ಲ ಅರಬ್ಬಿ ಸಮುದ್ರಕ್ಕೆ ಒಪ್ಪಿಸಿದರು.

ತಾಸಿನ ಮೇಲೆ ನಡುಗಡ್ಡೆ ಎದುರಾಯಿತು. ನೆಟ್ಟಗೆ ನಿಂತ ಬಂಡೆ, ತಲೆಯ ಮೇಲೆ ಹಸಿರು ಗಿಡ. ಇಂಗ್ಲಿಷರು ಇದಕ್ಕೆ ಪಾರಿವಾಳದ ದ್ವೀಪ ಎಂದು ಹೆಸರಿಟ್ಟಿದ್ದರು. ನೌಕಾಪಡೆಯವರು ಗುಂಡಿನ ಗುರಿ ಅಭ್ಯಾಸಕ್ಕೆ ಇದನ್ನು ಬಳಸಿದ್ದೂ ಉಂಟು. ದೋಣಿ ದಡಕ್ಕೆ ಹಚ್ಚಲಿಲ್ಲ. ಬಂಡೆಯ ಮರೆಯಲ್ಲಿ, ಅಲೆ ಕಡಿಮೆ ಇದ್ದಲ್ಲಿ ನಿಲ್ಲಿಸಿದರು. ಕೆಳಗೆ ನೋಡಿದರೆ ತಳ ಕಾಣುತ್ತಿತ್ತು. ನಮ್ಮ ಎದೆ ಡವಗುಟ್ಟಿದ್ದು ಆವಾಗ. ಕಾಣದಿದ್ದರೇ ಚೆನ್ನಾಗಿತ್ತು.

ಕನ್ನಡಕ ಮೂಗನ್ನೂ ಮುಚ್ಚುತ್ತದೆ. ಉಸಿರೆಲ್ಲ ಬಾಯಲ್ಲಿ ಕಚ್ಚಿದ ಬಾಗಿದ ಕೊಳವೆಯಿಂದಲೇ. ಕನ್ನಡಕದ ಗಾಜಿಗೆ ಉಗುಳು ಸವರಿ ತೊಳೆದರೆ ಮಂಜು ಹಿಡಿಯದು. ನಮ್ಮ ಮಂದಿಗೆ ಆದ ದೊಡ್ಡ ಫಜೀತಿ ಮೀಸೆಯದು. ದಪ್ಪ ಮೀಸೆಯ ಸಂದಿನಿಂದ ನೀರು ಒಳಗೆ ಸೋರುತ್ತದೆ. ಕಲಬುರಗಿ ಜಿಲ್ಲೆಯ ಗಂಡಸು ಮೀಸೆ ಬೋಳಿಸಿಯಾನೆ? ವ್ಯಾಸಲೀನ್ ಮೆತ್ತಿ ಕಳಿಸಿದರು.

ಪಂಕ್ಚರ್ ಹುಡುಗ ಬುದ್ಧಿವಂತ ಪ್ರಶ್ನೆ ಕೇಳಿದ. "ಅಣ್ಣಾ, ಈ ಕೊಳವಿಗೆ ಒಂದ್ ಹತ್ತು ಫೂಟ್ ಪೈಪ್ ಜೋಡ್ಸಿದ್ರ ಇನ್ನೂ ಕೆಳಗ ಹೋಗಬೌದಲ್ಲ?" ಆಗದು ಎಂದ ದೋಣಿಯ ಹುಡುಗ. ಮೂರಡಿ ಕೆಳಗೆ ಹೋದರೇ ನೀರಿನ ಭಾರ ಎದೆಯನ್ನು ಒತ್ತಿ ಹಿಡಿಯುತ್ತದೆ, ಮೇಲಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವ ಬಲ ಇರುವುದಿಲ್ಲ. ಬಿಟ್ಟ ಉಸಿರೇ ಕೊಳವೆಯಲ್ಲಿ ಉಳಿದು ಮತ್ತೆ ಅದನ್ನೇ ಕುಡಿಯಬೇಕಾಗುತ್ತದೆ. ಅದಕ್ಕೇ ಆಳಕ್ಕೆ ಹೋಗುವವರ ಬೆನ್ನಿಗೆ ಸಿಲಿಂಡರು. ಅದರಲ್ಲಿರುವುದು ನಾವೆಲ್ಲ ಅಂದುಕೊಂಡಂತೆ ಬರೀ ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಮಾಮೂಲು ಗಾಳಿ. ಅದು ಸ್ಕೂಬಾ. ನಮ್ಮದು ಮೇಲೆ ತೇಲುವ ಸ್ನಾರ್ಕೆಲಿಂಗ್, ದರವೂ ಕಡಿಮೆ.

ಕೆಳಗೆ ಕಂಡದ್ದು

ಮೊದಲ ಐದು ನಿಮಿಷ ಏನೂ ಕಾಣಲಿಲ್ಲ, ಸಾಯುತ್ತೇನೆಂಬುದೊಂದೇ ಕಂಡಿತು. ಉಪ್ಪು ನೀರು ಗಂಟಲಿಗೆ ಇಳಿಯಿತು. ಕಾಲು ಬಡಿಯುವುದನ್ನು ಬಿಟ್ಟು ಸುಮ್ಮನಾದಾಗ ಗೊತ್ತಾಯಿತು, ಜಾಕೆಟ್ಟೇ ಹೊತ್ತುಕೊಂಡಿದೆ ಎಂದು. ಆಮೇಲೆ ಕಣ್ಣು ಬಿಟ್ಟೆ. ಹಳದಿ ಪಟ್ಟೆಯ ಚಿಟ್ಟೆಮೀನು ಜೋಡಿ ಜೋಡಿ. ಬಣ್ಣ ಬಣ್ಣದ ಗಿಳಿಮೀನು ಬಂಡೆಯನ್ನು ಕರಕರ ಕಚ್ಚುವ ಸದ್ದು ನೀರಿನೊಳಗೆ ಕಿವಿಗೆ ಬೀಳುತ್ತದೆ. ಕಚ್ಚಿದ ಸುಣ್ಣವನ್ನು ಅದು ಹಿಂದಿನಿಂದ ಮರಳು ಮಾಡಿ ಬಿಡುತ್ತದೆ.

ಬಂಡೆ ಎಂದೆ. ಅದರ ಮೇಲೆ ಮೆತ್ತಿಕೊಂಡಿದ್ದು ಹವಳ. ಗಿಡವಲ್ಲ, ಕಲ್ಲೂ ಅಲ್ಲ. ಸಣ್ಣ ಸಣ್ಣ ಜೀವಗಳು ಸಮುದ್ರದ ನೀರಿನಿಂದ ಸುಣ್ಣ ತೆಗೆದು ಕಟ್ಟಿಕೊಂಡ ಮನೆ. ನಮ್ಮ ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು ಸುಡುವ ಸುಣ್ಣದ ಕಲ್ಲಿನಲ್ಲಿ ಇರುವುದೂ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟು. ನಮ್ಮ ಮನೆಗಳಿಗೆ ಹಾಸಿದ ಫರ್ಶಿಯೂ ಒಂದು ಕಾಲಕ್ಕೆ ಸಮುದ್ರದ ತಳ. ಐವತ್ತು ಕೋಟಿಗೂ ಹೆಚ್ಚು ವರ್ಷದ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು, ಅದರ ಕೆಸರು ಪದರ ಪದರವಾಗಿ ಕುಳಿತು ಕಲ್ಲಾಯಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಆ ಕಾಲಕ್ಕೆ ಮೀನು ಇನ್ನೂ ಹುಟ್ಟಿರಲಿಲ್ಲ, ಅದಕ್ಕೇ ನಮ್ಮ ಫರ್ಶಿಯಲ್ಲಿ ಮೀನಿನ ಗುರುತಿಲ್ಲ.

ತಲೆ ಎತ್ತಿದಾಗ ಕಾಕಾ ದೋಣಿಯ ಏಣಿಯ ಕೊನೇ ಮೆಟ್ಟಿಲ ಮೇಲೆ ನಿಂತಿದ್ದರು. ಎರಡೂ ಕೈಯಿಂದ ಏಣಿ ಅಪ್ಪಿಕೊಂಡಿದ್ದರು. ಯಾರೂ ಒತ್ತಾಯ ಮಾಡಿರಲಿಲ್ಲ. "ತಮ್ಮಾ, ಕಾಲಿಗೆ ನೆಲ ಸಿಗವಲ್ದು" ಎಂದರು. "ಸಿಗೂದಿಲ್ಲ ಯಜಮಾನ್ರೆ, ಬೇಕಾಗೂದೂ ಇಲ್ಲ" ಎಂದು ದೋಣಿಯ ಹುಡುಗ ಗಾಳಿ ತುಂಬಿದ ಬಳೆಯೊಂದನ್ನು ಅವರ ಮುಂದೆ ತಳ್ಳಿದ. ಅದಕ್ಕೆ ಹಗ್ಗ ಕಟ್ಟಿತ್ತು, ಹಗ್ಗದ ಇನ್ನೊಂದು ತುದಿ ದೋಣಿಗೆ. ಕಾಕಾ ಒಂದು ಕೈ ಬಿಟ್ಟರು. ಬಹಳ ಹೊತ್ತಿನ ಮೇಲೆ ಇನ್ನೊಂದನ್ನೂ ಬಿಟ್ಟು ಬಳೆ ಹಿಡಿದರು. ಮುಖ ನೀರಿಗೆ ಹಾಕಿದರು, ಎತ್ತಿದರು, ಮತ್ತೆ ಹಾಕಿದರು.

"ಏನ್ ಕಂಡದ ಕಾಕಾ?"

ಕೊಳವೆ ಬಾಯಿಂದ ತೆಗೆದು ಹೇಳಿದರು, "ಕೆಳಗ ಸಂತಿ ನಡದದ."

ಬಟ್ಟೆ ಅಂಗಡಿ ಮಾಲಕರು ಶೋಕೇಸಿಗೆಂದು ಹವಳದ ತುಣುಕೊಂದನ್ನು ಮುರಿಯಲು ಕೈ ಚಾಚಿ ಬೈಸಿಕೊಂಡರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಕಾಲಿಟ್ಟು ನಿಂತರೂ ಸಾಯುತ್ತದೆ.

ಹಗ್ಗ ಇರಲಿಲ್ಲ

ಮರಳುವಾಗ ಕಾಕಾ ದೋಣಿಯ ಹುಡುಗನನ್ನು ಬಿಡಲೇ ಇಲ್ಲ. ಮುಳುಗುವವನನ್ನು ಕಂಡರೆ ಏನು ಮಾಡಬೇಕು? ಈಜು ಬಾರದವರು ಹಾರಲೇಬಾರದು. ಹಾರಿದರೆ ಒಂದು ಹೆಣದ ಬದಲು ಎರಡಾಗುತ್ತದೆ. ಮುಳುಗುವವನು ಸಿಕ್ಕವರ ಕುತ್ತಿಗೆ ಹಿಡಿಯುತ್ತಾನೆ. ಹಗ್ಗ ಎಸೆ, ತೇಲುವುದೇನಾದರೂ ಎಸೆ, ಏನೂ ಇಲ್ಲವೆಂದರೆ ದಂಡೆಯ ಮೇಲೆ ಬೋರಲು ಮಲಗಿ ಧೋತರ ಬಿಚ್ಚಿ ಇಳಿಬಿಡು. ಕಾಕಾ ಒಂದೊಂದು ಮಾತಿಗೂ ಹೂಂ ಅಂದರು.

ಅರಬೈಲು ಘಟ್ಟ ಹತ್ತುವಾಗ ಎಲ್ಲರೂ ನಿದ್ದೆಹೋಗಿದ್ದರು. ಕಾಕಾ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: "ಅವತ್ತ ಖಣಿ ದಂಡಿ ಮ್ಯಾಲ ನಾಕ್ ಮಂದಿ ನಿಂತಿದ್ವಿ. ಹಗ್ಗ ಇರ್ಲಿಲ್ಲ." ಬರೆಯಲೇ ಎಂದು ಕೇಳಿದೆ. "ಹೆಸರು ಹಾಕಬ್ಯಾಡ. ಬರಿ" ಎಂದರು.

ಹುಬ್ಬಳ್ಳಿಯಲ್ಲಿ ಟೆಂಪೊ ನಿಲ್ಲಿಸಿ ಎರಡು ಅಂಗಡಿಯಲ್ಲಿ ಜಾಕೆಟ್ ಕೇಳಿದೆವು. ಒಂದರಲ್ಲಿ ಇರಲಿಲ್ಲ, ಇನ್ನೊಂದರಲ್ಲಿ ಮಳೆಯ ಜಾಕೆಟ್ ತೋರಿಸಿದರು. ಮಳಖೇಡಕ್ಕೆ ಬಂದ ಮರುದಿನ ಪಂಕ್ಚರ್ ಹುಡುಗ ಟ್ರ್ಯಾಕ್ಟರಿನ ಎರಡು ಹಳೇ ಟ್ಯೂಬಿಗೆ ಪ್ಯಾಚ್ ಹಚ್ಚಿ, ಗಾಳಿ ತುಂಬಿ, ಬಾವಿಯ ಹಗ್ಗ ಕಟ್ಟಿದ. ಒಂದನ್ನು ಖಣಿ ಕಡೆಯ ಚಹಾದ ಅಂಗಡಿಗೆ ಕೊಟ್ಟರು. ಇನ್ನೊಂದು ಕಿರಾಣಿ ಅಂಗಡಿಯ ಬಾಗಿಲಿಗೆ, ತಕ್ಕಡಿಯ ಪಕ್ಕದ ಮೊಳೆಗೆ ತೂಗುಬಿದ್ದಿದೆ. ಗಾಳಿ ಇಳಿದಿದೆಯೇ ಎಂದು ಕಾಕಾ ದಿನಾ ಬೆಳಗ್ಗೆ ಒತ್ತಿ ನೋಡುತ್ತಾರೆ. ಬಸ್ಸಿಗೆ ಕಾಯುವವರು "ಇದ್ಯಾನ್ರಿ, ಎಷ್ಟಕ್ಕ ಕೊಡ್ತೀರಿ?" ಎಂದು ಕೇಳುತ್ತಿರುತ್ತಾರೆ.

ಸೇಡಂ ಬಜಾರಿನ ಇನ್ನೊಂದು ಭಿಶಿಯವರು ದೋಣಿಯವರ ನಂಬರು ಕೇಳಿಕೊಂಡು ಹೋಗಿದ್ದಾರೆ. ಮಳೆಗಾಲ ಹಿಡಿದರೆ ನೇತ್ರಾಣಿಗೆ ದೋಣಿ ಬಿಡುವುದಿಲ್ಲ. ಹೋಗುವವರು ಅದಕ್ಕೂ ಮುಂಚೆ ಹೋಗಬೇಕು. ಮೀಸೆಯವರು ವ್ಯಾಸಲೀನ್ ಒಯ್ಯಲಿ.