ಕಾರ್-ಟಿ: ರೋಗಿಯ ಕೋಶವೇ ಔಷಧ

ಬೈಂದೂರಿನ ಕಡಲತೀರದಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೀವು ನೋಡಿರಬಹುದು. ಬಂಗುಡೆ, ಬೂತಾಯಿ, ಏಡಿ ಎನ್ನದೆ ಎದುರಾದುದೆಲ್ಲ ಬಲೆಗೆ ಬೀಳುತ್ತದೆ. ಕ್ಯಾನ್ಸರಿಗೆ ಕೊಡುವ ಕೀಮೋಥೆರಪಿಯೂ ಬಹುಮಟ್ಟಿಗೆ ಹೀಗೆಯೇ. ವೇಗವಾಗಿ ವಿಭಜಿಸುವ ಕ್ಯಾನ್ಸರ್ ಕೋಶಗಳ ಜೊತೆಗೆ ಕೂದಲ ಬುಡದ, ಕರುಳಿನ ಒಳಪದರದ ಆರೋಗ್ಯವಂತ ಕೋಶಗಳಿಗೂ ಅದು ಹಾನಿ ಮಾಡುತ್ತದೆ. ಗುರುತು ನೋಡಿ ಕೊಲ್ಲುವ ಔಷಧ ಸಾಧ್ಯವೇ? ಕಾರ್-ಟಿ ಚಿಕಿತ್ಸೆ ಇದಕ್ಕೆ ದೊರೆತ ಒಂದು ಉತ್ತರ.

ಟಿ-ಕೋಶಗಳು ಒಂದು ಬಗೆಯ ಬಿಳಿ ರಕ್ತಕಣಗಳು. ವೈರಸ್ ಹೊಕ್ಕ ಕೋಶಗಳನ್ನು ಹುಡುಕಿ ನಾಶಪಡಿಸುವುದು ಇವುಗಳ ಕೆಲಸಗಳಲ್ಲೊಂದು. ಆದರೆ ಕ್ಯಾನ್ಸರ್ ಕೋಶ ಹೊರಗಿನಿಂದ ಬಂದದ್ದಲ್ಲ, ದಾರಿ ತಪ್ಪಿದ ನಮ್ಮದೇ ಕೋಶ. ಆದ್ದರಿಂದ ಅದು ಎಷ್ಟೋ ಸಲ ಇವುಗಳ ಕಣ್ಣು ತಪ್ಪಿಸುತ್ತದೆ.

ರೋಗಿಯ ರಕ್ತದಿಂದ ಟಿ-ಕೋಶಗಳನ್ನು ಬೇರ್ಪಡಿಸಿ, ನಿರುಪದ್ರವಿಗೊಳಿಸಿದ ವೈರಸ್ ಮೂಲಕ ಅವುಗಳೊಳಗೆ ಹೊಸ ಜೀನ್ ಸೇರಿಸುತ್ತಾರೆ. ಆಗ ಕೋಶದ ಮೇಲ್ಮೈಯಲ್ಲಿ ಹೊಸ ಗ್ರಾಹಕವೊಂದು ಮೂಡುತ್ತದೆ. ಅದರ ಹೊರತುದಿ ಪ್ರತಿಕಾಯದಂತೆ ಗುರಿಯನ್ನು ಹಿಡಿಯುತ್ತದೆ. ಒಳತುದಿ, ಸ್ವಿಚ್ ಒತ್ತಿದಂತೆ, ದಾಳಿಯ ಸಂಕೇತ ಕೊಡುತ್ತದೆ. ಈ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ರೋಗಿಗೆ ಮರಳಿಸುತ್ತಾರೆ. ಅವು ದೇಹದಲ್ಲಿ ಮತ್ತೆ ವೃದ್ಧಿಯಾಗುತ್ತವೆ.

ಈಗ ಮುಖ್ಯ ಪ್ರಶ್ನೆ: ಗುರಿ ಯಾವುದು? ಹೆಚ್ಚಾಗಿ ಬಳಸುವುದು ಬಿ-ಕೋಶಗಳ ಮೇಲಿರುವ ಸಿಡಿ19 ಎಂಬ ಪ್ರೋಟೀನು. ಅದು ಆರೋಗ್ಯವಂತ ಬಿ-ಕೋಶಗಳ ಮೇಲೂ ಇದೆ, ಅವೂ ಸಾಯುತ್ತವೆ. ಆದರೆ ಬಿ-ಕೋಶಗಳಿಲ್ಲದೆಯೂ ಮನುಷ್ಯ ಬದುಕಬಲ್ಲ. ಪ್ರತಿಕಾಯಗಳ ಕೊರತೆಯನ್ನು ಹೊರಗಿನಿಂದ ತುಂಬಬಹುದು. ಶ್ವಾಸಕೋಶದ ಗಡ್ಡೆಯ ಗುರುತು ಆರೋಗ್ಯವಂತ ಶ್ವಾಸಕೋಶದಲ್ಲೂ ಇದ್ದರೆ? ಅಂಗವೇ ಅಪಾಯಕ್ಕೆ ಸಿಲುಕುತ್ತದೆ. ಕಾರ್-ಟಿಯ ಯಶಸ್ಸು ಇಂದಿಗೂ ಮುಖ್ಯವಾಗಿ ರಕ್ತದ ಕ್ಯಾನ್ಸರುಗಳಲ್ಲೇ ಕಂಡುಬರಲು ಇದೊಂದು ದೊಡ್ಡ ಕಾರಣ.

ಅಮೆರಿಕದಲ್ಲಿ 2017ರಲ್ಲಿ ಮಾನ್ಯತೆ ಪಡೆದ ಮೊದಲ ಕಾರ್-ಟಿ ಔಷಧದ ಬೆಲೆ ಆಗ 4,75,000 ಡಾಲರ್ ಇತ್ತು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಹಯೋಗದಿಂದ ಬಂದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಅದರ ಪ್ರಯೋಗದಲ್ಲಿ ಪರಿಣಾಮ ಅಳೆದ 51 ರೋಗಿಗಳ ಪೈಕಿ ಶೇ. 73 ಮಂದಿಯಲ್ಲಿ ರೋಗ ಹಿಮ್ಮೆಟ್ಟಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಲಿಂಫೋಮಾಕ್ಕೆ ಕಾರ್ಟೆಮಿ ಎಂಬ ಔಷಧ ತಂದಿತು. ಇಲ್ಲಿನ ಬೆಲೆ ಅಮೆರಿಕದ್ದಕ್ಕಿಂತ ಬಹಳ ಕಡಿಮೆ. ಆದರೂ ಹತ್ತಾರು ಲಕ್ಷ ರೂಪಾಯಿ. ಅಪಾಯವೂ ಇದೆ: ಟಿ-ಕೋಶಗಳು ಒಮ್ಮೆಲೇ ಕೆರಳಿದರೆ ತೀವ್ರ ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು.

ಆದ್ದರಿಂದ ಕುಟುಂಬವೊಂದು ತೋಟ ಮಾರಿ ಚಿಕಿತ್ಸೆಗೆ ಹೊರಡುವ ಮುನ್ನ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಎರಡು. ಈ ಕ್ಯಾನ್ಸರಿಗೆ ಯಾವ ಗುರುತು? ಅದೇ ಗುರುತು ದೇಹದಲ್ಲಿ ಬೇರೆಲ್ಲಿ ಇದೆ? ಇವನ್ನು ಕೇಳಲು ವಿದ್ಯಾರ್ಥಿಗಳಿಗೆ ಕಲಿಸೋಣ.