ಎಂಜಿನ್ ಬದಲಾದಾಗ ಮುಳ್ಳು ಹೇಳುವ ಸುಳ್ಳು

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮೀಟರ್ ಎಂಜಿನ್ನಿನ ಶಾಖವನ್ನು ನೇರವಾಗಿ ಅಳೆಯುವುದಿಲ್ಲ. ಕೂಲೆಂಟ್ ಹರಿಯುವ ದಾರಿಯಲ್ಲಿ ಕೂತ ಸೆನ್ಸರಿನ ವಿದ್ಯುತ್ ರೋಧವನ್ನು ಓದುವುದಷ್ಟೇ ಅದರ ಕೆಲಸ. ಸೆನ್ಸರಿನೊಳಗಿನ ಥರ್ಮಿಸ್ಟರ್ ಬಿಸಿಯಾದಷ್ಟೂ ರೋಧ ಇಳಿಯುತ್ತದೆ, ಕರೆಂಟ್ ಹೆಚ್ಚು ಹರಿಯುತ್ತದೆ, ಮುಳ್ಳು ಮೇಲೇರುತ್ತದೆ. ಎಷ್ಟು ಓಮ್‌ಗೆ ಮುಳ್ಳು ಎಲ್ಲಿ ನಿಲ್ಲಬೇಕೆಂಬ ಲೆಕ್ಕ ಮೀಟರ್ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ಹಳೆಯ ಜೀಪಿಗೋ ಕಾರಿಗೋ ಬೇರೆ ಎಂಜಿನ್ ಕೂರಿಸಿದಾಗ ಮೀಟರ್ ಹಳೆಯದೇ ಉಳಿಯುತ್ತದೆ, ಸೆನ್ಸರ್ ಮಾತ್ರ ಹೊಸ ಎಂಜಿನ್ನಿನದಾಗುತ್ತದೆ. ಗೊಂದಲ ಹುಟ್ಟುವುದು ಅಲ್ಲಿ.

ಅಂತರ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ಮೀಟರಿಗೆಂದೇ ಮಾಡಿದ, ಬಹಳ ಬಳಕೆಯಲ್ಲಿರುವ ಒಂದು ಬಗೆಯ ಒಂಟಿ ವೈರಿನ ಸೆನ್ಸರ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 290 ಓಮ್, 100 ಡಿಗ್ರಿಯಲ್ಲಿ 40ರ ಆಸುಪಾಸು ತೋರುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಸುದ್ದಿ ಕಳಿಸುವ ಎರಡು ವೈರಿನ ಸೆನ್ಸರ್ 100 ಡಿಗ್ರಿಯಲ್ಲೂ 190 ಓಮ್ ಹತ್ತಿರವೇ ಇರುತ್ತದೆ. ಮೊದಲನೆಯದಕ್ಕೆ ಹೊಂದಿಸಿದ ಮೀಟರಿಗೆ 190 ಓಮ್ ಎಂದರೆ 50 ಡಿಗ್ರಿ. ಕೂಲೆಂಟ್ ಕುದಿಯುವ ಹಂತಕ್ಕೆ ಬಂದರೂ ಮುಳ್ಳು ತಣ್ಣಗೆ ಕೆಳಗೇ ಕೂತಿರುತ್ತದೆ. ಇಸಿಯು ಸೆನ್ಸರಿನ ವೈರಿನಿಂದಲೇ ಮೀಟರಿಗೂ ಒಂದು ಎಳೆ ಕೊಡುವುದು ಇನ್ನೂ ಕೆಟ್ಟದ್ದು. ಆಗ ಮೀಟರಿನ ಜೊತೆಗೆ ಇಸಿಯುವಿನ ಲೆಕ್ಕವೂ ಕೆಟ್ಟು, ಇಂಧನದ ಪ್ರಮಾಣವೇ ತಪ್ಪುತ್ತದೆ.

ಪತ್ತೆ ಕೆಲಸ ಶುರುವಾಗಬೇಕಾದದ್ದು ನಿಜವಾದ ಶಾಖ ಎಷ್ಟೆಂದು ತಿಳಿಯುವುದರಿಂದ. ಮುಳ್ಳು ಮೇಲಕ್ಕೆ ಹೋದ ಕೂಡಲೇ ‘ಮೀಟರ್ ಸರಿಯಿಲ್ಲ’ ಎಂದು ತೀರ್ಮಾನಿಸುವುದು ಅಪಾಯ. ಹೊಸ ಎಂಜಿನ್ನಿಗೆ ಹಳೆಯ ರೇಡಿಯೇಟರ್ ಸಾಲದೆ ಅದು ನಿಜವಾಗಿಯೇ ಕಾಯುತ್ತಿರಬಹುದು. ಇಸಿಯು ಇರುವ ಎಂಜಿನ್ನಾದರೆ ಸ್ಕ್ಯಾನರ್ ಹಾಕಿ ನೋಡಬಹುದು. ಅದರಲ್ಲಿ ಮೈನಸ್ 40 ಡಿಗ್ರಿ ಕಂಡರೆ ಸೆನ್ಸರಿನ ವೈರ್ ತುಂಡಾಗಿದೆ ಅಥವಾ ಕನೆಕ್ಟರ್ ಕಳಚಿದೆ ಎಂದೇ ಸಾಮಾನ್ಯವಾಗಿ ಅರ್ಥ. ಇಸಿಯು ಇಲ್ಲದಿದ್ದರೆ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಹೌಸಿಂಗ್ ಕಡೆಗೆ ಹಿಡಿಯಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುವುದರಿಂದ ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅಳೆಯುವುದು ಒಳ್ಳೆಯದು.

ಮೀಟರಿನ ಪರೀಕ್ಷೆ ಸುಲಭ. ಕೀ ಆನ್ ಮಾಡಿ ಸೆನ್ಸರಿನ ಒಂಟಿ ವೈರ್ ಬಿಚ್ಚಿದರೆ ಮುಳ್ಳು ತಣ್ಣನೆಯ ಕೊನೆಗೆ ಇಳಿಯಬೇಕು. ಅದೇ ವೈರನ್ನು ಕ್ಷಣಮಾತ್ರ ಎಂಜಿನ್ ಬ್ಲಾಕಿಗೆ ಮುಟ್ಟಿಸಿದರೆ ಬಿಸಿಯ ಕೊನೆಗೆ ಏರಬೇಕು. ಬ್ಲಾಕಿಗೆ ಮುಟ್ಟಿಸಿದಾಗ ಏರದೆ, ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿದಾಗ ಏರಿದರೆ ದೋಷ ಮೀಟರಿನಲ್ಲಿಲ್ಲ, ಅರ್ತಿನಲ್ಲಿದೆ. ಬ್ರಿಟಿಷ್ ಮೂಲದ ಎಷ್ಟೋ ಹಳೆಯ ಕಾರುಗಳಲ್ಲಿ ಪೆಟ್ರೋಲ್ ಮೀಟರಿಗೂ ಟೆಂಪರೇಚರ್ ಮೀಟರಿಗೂ ಸೇರಿ 10 ವೋಲ್ಟಿನ ಒಂದೇ ಸ್ಟೆಬಿಲೈಸರ್ ಇರುತ್ತದೆ. ಎರಡೂ ಮುಳ್ಳುಗಳು ಒಟ್ಟಿಗೆ ದಾರಿ ತಪ್ಪಿದರೆ ಮೊದಲು ಅದನ್ನೇ ನೋಡಬೇಕು.

ಅರ್ತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು, ಏಕೆಂದರೆ ಎಂಜಿನ್ ಬದಲಿಸುವಾಗ ಮರೆತುಹೋಗುವುದು ಅದೇ. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯದು. ಬ್ಲಾಕಿನಿಂದ ಚಾಸಿಗೆ, ಬಾಡಿಗೆ ದಪ್ಪನೆಯ ಅರ್ತ್ ಪಟ್ಟಿ ಬಿಗಿಯದಿದ್ದರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ಹೆಡ್‌ಲೈಟ್ ಹಾಕಿದಾಗ ಅಥವಾ ಫ್ಯಾನ್ ತಿರುಗಿದಾಗ ಮುಳ್ಳು ಅಲುಗಾಡಿದರೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು. ಲೈಟು, ಫ್ಯಾನು ಎಲ್ಲ ಹಾಕಿ ಎಂಜಿನ್ ಓಡುತ್ತಿರುವಾಗ ಬ್ಲಾಕಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಮಲ್ಟಿಮೀಟರ್ ಹಿಡಿದರೆ 0.1 ವೋಲ್ಟಿಗಿಂತ ಹೆಚ್ಚು ತೋರಬಾರದು. ಸೆನ್ಸರಿನ ಥ್ರೆಡ್‌ಗೆ ಲೀಕ್ ಆಗದಿರಲೆಂದು ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೂ ಅರ್ತ್ ಕೆಡುತ್ತದೆ. ಮೇಲಿನ ಹೋಸ್ ಕತ್ತರಿಸಿ ನಡುವೆ ಲೋಹದ ಕೊಳವೆ ಕೂಡಿಸಿ ಅದರಲ್ಲಿ ಸೆನ್ಸರ್ ಕೂರಿಸಿದರೆ ಎರಡೂ ಬದಿ ರಬ್ಬರೇ ಇರುವುದರಿಂದ ಆ ಕೊಳವೆಗೆ ಪ್ರತ್ಯೇಕ ಅರ್ತ್ ವೈರ್ ಬೇಕೇ ಬೇಕು.

ಸೆನ್ಸರ್ ಕೂತ ಜಾಗವೂ ಲೆಕ್ಕಕ್ಕೆ ಬರುತ್ತದೆ. ಥ್ರೆಡ್ ಹೊಂದದೆ ಉದ್ದದ ಅಡಾಪ್ಟರ್ ಹಾಕಿದರೆ ಸೆನ್ಸರಿನ ತುದಿ ಹರಿಯುವ ಕೂಲೆಂಟಿಗೆ ತಾಗುವುದಿಲ್ಲ, ಮುಳ್ಳು ತಡವಾಗಿ ಏರುತ್ತದೆ. ಥರ್ಮೋಸ್ಟಾಟ್ ದಾಟಿದ ಮೇಲೆ ಸೆನ್ಸರ್ ಇದ್ದರೆ ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ನಿನ ನಿಜಸ್ಥಿತಿ ತಿಳಿಯದು. ಎಲ್ಲಕ್ಕಿಂತ ಮೋಸದ್ದು ಗಾಳಿ. ಹೊಸದಾಗಿ ಕೂಲೆಂಟ್ ತುಂಬಿದಾಗ ಹೆಡ್‌ನಲ್ಲಿ ಗಾಳಿ ಸಿಕ್ಕಿಕೊಂಡರೆ ಸೆನ್ಸರ್ ಒಣಗಿ ನಿಂತು, ಎಂಜಿನ್ ಕಾಯುತ್ತಿರುವಾಗಲೇ ಮುಳ್ಳು ಕೆಳಗಿಳಿಯಬಹುದು. ಆದ್ದರಿಂದ ಗಾಳಿ ಪೂರ್ತಿ ಹೊರಹೋಗುವ ಮುಂಚೆ ನೋಡಿದ ಯಾವ ಅಳತೆಯನ್ನೂ ನಂಬುವಂತಿಲ್ಲ.

ದೋಷ ಸೆನ್ಸರಿನದೆಂದು ಖಚಿತವಾದರೆ ಉತ್ತಮ ಪರಿಹಾರ ಹಳೆಯ ಎಂಜಿನ್ನಿನ ಸೆನ್ಸರನ್ನೇ ಹೊಸ ಹೆಡ್‌ಗೆ ಗಿಡ್ಡ ಅಡಾಪ್ಟರಿನಲ್ಲಿ ಕೂರಿಸುವುದು. ಇಸಿಯು ಸೆನ್ಸರ್ ತನ್ನ ಪಾಡಿಗೆ ಬೇರೆ ಇರಲಿ. ಹಳೆಯ ಸೆನ್ಸರಿಗೆ ಜಾಗವಿಲ್ಲದಿದ್ದರೆ ಮೀಟರ್, ಸೆನ್ಸರ್ ಎರಡನ್ನೂ ಒಂದೇ ಜೋಡಿಯಾಗಿ ಕೊಳ್ಳಬೇಕು. ರೆಸಿಸ್ಟರ್ ಸೇರಿಸಿ ಹೊಂದಿಸುವ ಉಪಾಯ ಒಂದು ಬಿಂದುವಿನಲ್ಲಿ ಸರಿಹೋದರೂ ಉಳಿದೆಡೆ ತಪ್ಪುವುದೇ ಹೆಚ್ಚು. ಥರ್ಮಿಸ್ಟರಿನ ರೋಧ ಸರಳ ರೇಖೆಯಲ್ಲಿ ಇಳಿಯುವುದಿಲ್ಲ.

ಕೊನೆಯ ಪರೀಕ್ಷೆ ಅಡುಗೆಮನೆಯದು. ಸೆನ್ಸರನ್ನು ಪಾತ್ರೆಯ ತಳ ಮುಟ್ಟದಂತೆ ಕುದಿಯುವ ನೀರಿನಲ್ಲಿ ಇಳಿಬಿಟ್ಟು, ಅದರ ಮೈಯನ್ನು ಬ್ಯಾಟರಿ ನೆಗೆಟಿವ್‌ಗೂ ಟರ್ಮಿನಲನ್ನು ಮೀಟರಿನ ವೈರಿಗೂ ಜೋಡಿಸಬೇಕು. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ, ಆ ವ್ಯತ್ಯಾಸ ನೆನಪಿರಲಿ. ಮುಳ್ಳು ನಿಂತ ಜಾಗಕ್ಕೆ ಮೀಟರಿನ ಗಾಜಿನ ಮೇಲೆ ಸಣ್ಣದೊಂದು ಗುರುತು ಹಾಕಿಡಿ. ಮುಳ್ಳು ಆ ಗುರುತು ದಾಟಿದ ದಿನ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಪೂರ್ತಿ ತಣಿಯುವ ತನಕ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ.