ಆಣೆಗೆ ಬಿಡದ ಕುಡಿತ

"ಕರ್ಪೂರ ಮುಟ್ಟಿ ಆಣೆ ಮಾಡಿದ. ಮೂರು ದಿನ ಸುಮ್ಮನಿದ್ದ. ನಾಲ್ಕನೇ ದಿನ ಮತ್ತೆ ಕುಡಿದು ಬಂದ."

ಈ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ ನಾವು! ಆಣೆ ಮಾಡುವಾಗ ಅವನು ಸುಳ್ಳು ಹೇಳಿರಲಿಕ್ಕಿಲ್ಲ. ಬಿಡಬೇಕು ಅಂತಲೇ ಇತ್ತು. ಹೇಗೆ ಬಿಡೋದು ಅಂತ ಗೊತ್ತಿರಲಿಲ್ಲ.

2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ಬೇರೆ ಮದ್ಯ ಬಂತು, ಅಷ್ಟೆ.

ಅಕ್ಕಂದಿರೇ, ಕುಡಿತದ ಚಟ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲೂ ಕೇಳಿ.

ಮೊದಲು ಡಾಕ್ಟರು ನೋಡಬೇಕು. ದಿನಾ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುತ್ತದೆ. ನಿದ್ದೆ ಬರಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಜೀವಕ್ಕೇ ಅಪಾಯ. ಮನೆಯಲ್ಲಿ ಕೂಡಿ ಹಾಕಬೇಡಿ.

ಆಮೇಲೆ ಮಾತಿನ ಚಿಕಿತ್ಸೆ. ಇದು ಬುದ್ಧಿವಾದ ಅಲ್ಲ. ಬುದ್ಧಿವಾದ ಊರೆಲ್ಲ ಹೇಳಿ ಆಗಿದೆ! ಇಲ್ಲಿ ಸಲಹೆಗಾರರು ಕೇಳುತ್ತಾರೆ: "ಯಾವಾಗ ಕುಡೀತೀಯ? ಯಾರ ಜೊತೆ? ಅದಕ್ಕೆ ಮುಂಚೆ ಏನಾಗಿತ್ತು?"

ಒಬ್ಬ ಗಾರೆ ಕೆಲಸದವನನ್ನೇ ತಗೊಳ್ಳಿ. ಶನಿವಾರ ಬಟವಾಡೆ. ಮೈಕೈ ನೋವು. ಖಾಲಿ ಹೊಟ್ಟೆ. ದಾರಿಯಲ್ಲೇ ಅಂಗಡಿ. ಜೊತೆಗಾರ ಕರೀತಾನೆ. ಕುಡಿತ ಶುರುವಾಗೋದು ಬಾಟಲಿಯಿಂದಲ್ಲ, ಇಲ್ಲಿಂದ. ಹಾಗಾಗಿ ದಾರಿ ಬದಲಿಸಬೇಕು. ಹೊರಡೋ ಮುಂಚೆ ಏನಾದರೂ ತಿನ್ನಬೇಕು. "ಬೇಡ ಕಣಯ್ಯಾ, ಬಿಟ್ಟಿದ್ದೀನಿ" ಅನ್ನೋದನ್ನೂ ಅಭ್ಯಾಸ ಮಾಡಿಸುತ್ತಾರೆ. ನಗಬೇಡಿ. ಗೆಳೆಯನಿಗೆ ಬೇಡ ಅನ್ನೋದು ಸುಲಭ ಅಲ್ಲ.

ಕುಡಿಯುವ ಆಸೆ ಹಾಲಿನ ಹಾಗೆ ಉಕ್ಕುತ್ತದೆ. ಆದರೆ ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ ತಡೆದರೆ ಸಾಕು. ಆ ಹೊತ್ತಿನಲ್ಲಿ ಮಜ್ಜಿಗೆ ಕುಡಿಯಲಿ, ಯಾರ ಜೊತೆಗಾದರೂ ಮಾತಾಡಲಿ.

ಮತ್ತೆ ಒಂದು ದಿನ ಜಾರಿದರೆ? ಎಲ್ಲಾ ಹಾಳಾಯ್ತು ಅಂತ ಕೈಬಿಡಬೇಡಿ. ಆ ದಿನ ಏನಾಯ್ತು ಅಂತ ಸಲಹೆಗಾರರ ಹತ್ತಿರ ಹೇಳಲಿ.

ನಾವು ಕುಡಿದ ದಿನ ಜಗಳ ಆಡ್ತೀವಿ. ಕುಡಿಯದ ದಿನ ಸುಮ್ಮನಿರ್ತೀವಿ. ಇದು ತಿರುಗಬೇಕು. ಕುಡಿಯದೆ ಬಂದ ದಿನ ಜೊತೆಯಲ್ಲಿ ಕೂತು ಉಣ್ಣಿ, ನಾಲ್ಕು ಮಾತಾಡಿ. ಅಮಲಿನಲ್ಲಿದ್ದಾಗ ವಾದ ಬೇಡ. ಹಾಗಂತ ಅವನು ಕುಡಿದರೆ ಅದು ನಿಮ್ಮ ತಪ್ಪಲ್ಲ. ಹೊಡೆದರೆ ಸಹಿಸಬೇಕಿಲ್ಲ. 181ಕ್ಕೆ ಫೋನ್ ಮಾಡಿ.

ಸಾರಿನಲ್ಲಿ ಕದ್ದು ಬೆರೆಸುವ ಪುಡಿ ಮಾರುತ್ತಾರಲ್ಲ, ಅದನ್ನು ಮುಟ್ಟಬೇಡಿ. ಅದರಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಕುಡಿತ ಬಿಡಿಸುವ ಒಂದು ಮಾತ್ರೆ ಇದೆ. ಅದನ್ನು ತಿಂದ ಮೇಲೆ ಕುಡಿದರೆ ಪ್ರಾಣವೇ ಹೋಗಬಹುದು. ಡಾಕ್ಟರೂ ಅವನಿಗೆ ತಿಳಿಸಿಯೇ ಕೊಡುತ್ತಾರೆ.

"ನಾನು ಆಸ್ಪತ್ರೆಗೆ ಬರಲ್ಲ" ಅಂತಾನಾ? ನೀವೊಬ್ಬರೇ ಹೋಗಿ. ಇಲ್ಲವೇ 14416ಕ್ಕೆ ಫೋನ್ ಮಾಡಿ, ಕಾಸು ಬೇಡ. ಕನ್ನಡದಲ್ಲೇ ಮಾತಾಡುತ್ತಾರೆ. ಈಗ ನಿಮಗೆ ಬರೆಯಲು ಬರುತ್ತದಲ್ಲ? ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ವಾರ ಕುಡಿದ, ಎಷ್ಟು ಹೊತ್ತಿಗೆ, ಯಾರ ಜೊತೆ. ಸಲಹೆಗಾರರು ಮೊದಲು ಕೇಳುವುದು ಅದನ್ನೇ.